ಗೇರುಸೊಪ್ಪೆಯ ಹೆಸರು ಹೊತ್ತು ಮುಳುಗಿದವರ ಪರವಾಗಿ: ಬಂದರು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಲ್ಲಿ ಸವಿನಯ ವಿಜ್ಞಾಪನೆ.

ಗೇರುಸೊಪ್ಪೆ ಎಂದೊಡನೆ ನಮಗೆ ನೆನಪಾಗುವುದು ಶರಾವತಿ, ಕಾಳುಮೆಣಸು, ಚತುರ್ಮುಖ ಬಸದಿ ಮತ್ತು ರಾಣಿ ಚೆನ್ನಭೈರಾದೇವಿ. ಅದೇ ಹೆಸರಿನ ಹಡಗೊಂದು ಐರ್ಲೆಂಡಿನ ನೈಋತ್ಯಕ್ಕೆ, ಅಟ್ಲಾಂಟಿಕ್ ಸಾಗರದ ಸುಮಾರು 4,700 ಮೀಟರ್ ಆಳದಲ್ಲಿ ಮಲಗಿದೆ ಎಂಬುದು ನಮ್ಮ ಜಿಲ್ಲೆಯಲ್ಲಿಯೇ ಹೆಚ್ಚಿನವರಿಗೆ ತಿಳಿದಿಲ್ಲ. ತಿಳಿದವರಿಗೂ ಅದು ಬೆಳ್ಳಿಯ ಹಡಗು ಎಂದಷ್ಟೇ ಗೊತ್ತು. ನಾನು ಬರೆಯುತ್ತಿರುವುದು ಆ ಬೆಳ್ಳಿಯ ವಿಷಯವಾಗಿ ಅಲ್ಲ, ಅದರೊಂದಿಗೆ ಮುಳುಗಿದ ಖಲಾಸಿಗಳ ವಿಷಯವಾಗಿ.

ಈ ಹಡಗು ಹುಟ್ಟಿದ್ದೇ ಯುದ್ಧದ ಅವಸರದಲ್ಲಿ. 1917ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಕಂಡ ಕಂಡ ವ್ಯಾಪಾರಿ ಹಡಗುಗಳನ್ನು ಮುಳುಗಿಸತೊಡಗಿದಾಗ, ಬ್ರಿಟನ್ ಒಂದೇ ಮಾದರಿಯ ಸರಕು ಹಡಗುಗಳನ್ನು ಸಾಲುಸಾಲಾಗಿ ಕಟ್ಟಿಸಲು ಹೊರಟಿತು. ಅವುಗಳ ಹೆಸರುಗಳೂ 'ವಾರ್' ಎಂಬ ಪದದಿಂದಲೇ ಆರಂಭವಾಗುತ್ತಿದ್ದವು. ಟೈನ್ ನದಿಯ ದಡದ ಪಾಮರ್ಸ್ ಕಾರ್ಖಾನೆಯಲ್ಲಿ 'ವಾರ್ ರೋಬಕ್' ಆಗಬೇಕಿದ್ದ ಹಡಗು ನೀರಿಗಿಳಿಯುವಷ್ಟರಲ್ಲಿ ಯುದ್ಧ ಮುಗಿದಿತ್ತು. ತನ್ನ ಹಡಗುಗಳಿಗೆ ಭಾರತದ ಊರುಗಳ ಹೆಸರಿಡುವ ರೂಢಿಯಿದ್ದ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಅದನ್ನು ಪಡೆದು 1919ರಲ್ಲಿ 'ಗೈರ್‌ಸೊಪ್ಪ' ಎಂದು ಕರೆಯಿತು. ನಮ್ಮ ಜೋಗವನ್ನೇ ಗೇರುಸೊಪ್ಪೆ ಜಲಪಾತವೆಂದು ಕರೆಯುತ್ತಿದ್ದ ಕಾಲವದು. ಉಚ್ಚಾರ ಕೆಟ್ಟರೂ ಹೆಸರು ನಮ್ಮದೇ.

ಎರಡನೆಯ ಮಹಾಯುದ್ಧದಲ್ಲಿ ಅದು ಕಲ್ಕತ್ತೆಯಿಂದ ಬೆಳ್ಳಿ, ಬೀಡುಕಬ್ಬಿಣ ಮತ್ತು ಚಹಾ ಹೇರಿಕೊಂಡು ಹೊರಟು, ಆಫ್ರಿಕದ ಫ್ರೀಟೌನಿನಲ್ಲಿ ಬೆಂಗಾವಲಿನ ಗುಂಪನ್ನು ಸೇರಿತು. ಬಿರುಗಾಳಿಯಲ್ಲಿ ಕಲ್ಲಿದ್ದಲು ಸಾಲದೆ ಹೋಗಿ, ಗುಂಪನ್ನು ಬಿಟ್ಟು ಐರ್ಲೆಂಡಿನ ಗಾಲ್ವೇ ಬಂದರಿನತ್ತ ಒಂಟಿಯಾಗಿ ತಿರುಗಬೇಕಾಯಿತು. 1941ರ ಫೆಬ್ರವರಿ ನಡುವಿನ ಒಂದು ರಾತ್ರಿ ಯು-101 ಎಂಬ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗಿನಲ್ಲಿದ್ದವರು ಎಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಲಸ್ಕರರು, ಅಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಖಲಾಸಿಗಳು. ಎರಡನೆಯ ಅಧಿಕಾರಿ ರಿಚರ್ಡ್ ಏರ್ಸ್ ಅವರ ವಶದಲ್ಲಿದ್ದ ಒಂದು ದೋಣಿ ಮಾತ್ರ ಸುಮಾರು ಮೂವತ್ತು ಜನರನ್ನು ಹೊತ್ತು ಪಾರಾಯಿತು. ಚಳಿ, ಬಾಯಾರಿಕೆ ಮತ್ತು ಅಲೆಗಳ ನಡುವೆ ಹದಿಮೂರು ದಿನ ತೇಲಿ ಕಾರ್ನ್‌ವಾಲಿನ ತೀರ ಮುಟ್ಟುವಾಗ ಅದರಲ್ಲಿ ಉಳಿದಿದ್ದವರು ಬೆರಳೆಣಿಕೆಯಷ್ಟೇ. ದಡದ ಅಲೆಗೆ ದೋಣಿಯೂ ಮಗುಚಿ, ಜೀವಂತ ಹೊರಬಂದವರು ಏರ್ಸ್ ಒಬ್ಬರೇ.

ತೆರೆದ ದೋಣಿಯಲ್ಲಿ ಬದುಕುಳಿಯುವುದು ಅದೃಷ್ಟವಷ್ಟೇ ಅಲ್ಲ, ಕಲಿಯಬೇಕಾದ ವಿದ್ಯೆ ಎಂಬುದು ಆ ದಿನಗಳಲ್ಲಿ ಕೆಲವರಿಗಾದರೂ ಹೊಳೆದಿತ್ತು. ಗಟ್ಟಿಮುಟ್ಟಾದ ಎಳೆಯರು ಸಾಯುತ್ತಾರೆ, ಹಾಯಿ ಹಡಗಿನಲ್ಲಿ ಪಳಗಿದ ಹಳಬರು ಉಳಿಯುತ್ತಾರೆ ಎಂಬುದನ್ನು ಗಮನಿಸಿದ ಹಡಗು ಕಂಪನಿಯ ಮಾಲೀಕ ಲಾರೆನ್ಸ್ ಹೋಲ್ಟ್, ಶಿಕ್ಷಣತಜ್ಞ ಕುರ್ಟ್ ಹಾನ್ ಅವರೊಂದಿಗೆ ಸೇರಿ, ಅದೇ 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಹುಡುಗರಿಗಾಗಿ ಸುಮಾರು ಒಂದು ತಿಂಗಳ ತರಬೇತಿಯ ಶಾಲೆ ತೆರೆದರು. ಅಮೆರಿಕವು 'ಲಿಬರ್ಟಿ' ಎಂಬ ಒಂದೇ ಮಾದರಿಯ 2,700ಕ್ಕೂ ಹೆಚ್ಚು ಸರಕು ಹಡಗುಗಳನ್ನು ಕಟ್ಟಿತು, ಅವುಗಳಲ್ಲಿ ಒಂದನ್ನಂತೂ ನಾಲ್ಕು ದಿನ ಹದಿನೈದು ಗಂಟೆಯಲ್ಲಿ ನೀರಿಗಿಳಿಸಿತು; ಆದರೆ ಅವುಗಳನ್ನು ನಡೆಸಲು ಬ್ರೂಕ್ಲಿನ್ನಿನ ಶೀಪ್ಸ್‌ಹೆಡ್ ಬೇಯಂಥ ಕಡೆ ಹದಿನಾರರ ಹುಡುಗರಿಗೂ ತರಬೇತಿ ಕೊಡುವ ದೊಡ್ಡ ಕೇಂದ್ರಗಳನ್ನೂ ತೆರೆಯಬೇಕಾಯಿತು.

ಲಸ್ಕರರ ಪಾಲಿಗೆ ಇದಾವುದೂ ಇರಲಿಲ್ಲ. ಮುಂಬಯಿಯ ಮಜಗಾಂವಿನಲ್ಲಿ 1927ರಿಂದ ನಿಂತಿದ್ದ 'ಡಫರಿನ್' ತರಬೇತಿ ಹಡಗು ಅಧಿಕಾರಿಗಳಾಗುವ ಹುಡುಗರಿಗಾಗಿತ್ತು. ಡೆಕ್ ತೊಳೆಯುವವನಿಗೆ, ಬಾಯ್ಲರಿಗೆ ಕಲ್ಲಿದ್ದಲು ಎಸೆಯುವವನಿಗೆ ಖಲಾಸಿಗಳ ಮುಖಂಡನಾದ ಸಾರಂಗನೇ ಗುರು, ಅವನ ಕೈಕೆಳಗಿನ ತಾಂಡೇಲನೇ ಶಾಲೆ. (ತಾಂಡೇಲ ಎಂಬ ಅಡ್ಡಹೆಸರು ಇಂದಿಗೂ ನಮ್ಮ ಕರಾವಳಿಯ ಮನೆಗಳಲ್ಲಿದೆ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ.) ಸಂಬಳ ಬಿಳಿಯ ನಾವಿಕರದರ ಕಾಲು ಭಾಗದ ಆಸುಪಾಸು. 1939ರಲ್ಲಿ ಹೆಚ್ಚಿನ ಕೂಲಿ ಕೇಳಿ ಬ್ರಿಟನ್ನಿನ ಬಂದರುಗಳಲ್ಲಿ ಕೆಲಸ ನಿಲ್ಲಿಸಿದ ನೂರಾರು ಲಸ್ಕರರು ಜೈಲು ಕಂಡರು. ಸ್ವಾತಂತ್ರ್ಯಾನಂತರವೇ ಇಂಥವರಿಗಾಗಿ ಕಲ್ಕತ್ತೆಯಲ್ಲಿ 'ಭದ್ರಾ', ವಿಶಾಖಪಟ್ಟಣದಲ್ಲಿ 'ಮೇಖಲಾ', ಗುಜರಾತಿನ ನವಲಖಿಯಲ್ಲಿ 'ನೌಲಕ್ಷಿ' ತರಬೇತಿ ಹಡಗುಗಳು ಬಂದವು. ಈ ಮೂರರಲ್ಲಿ ಒಂದೂ ನಮ್ಮ ಕರಾವಳಿಗೆ ಬರಲಿಲ್ಲ.

ಇನ್ನು ಬೆಳ್ಳಿಯ ಕಥೆ. 2011ರಲ್ಲಿ ಅಮೆರಿಕದ ಕಂಪನಿಯೊಂದು ಹಡಗನ್ನು ಪತ್ತೆ ಹಚ್ಚಿ, ಮುಂದಿನ ಎರಡು ವರ್ಷಗಳಲ್ಲಿ 2,792 ಬೆಳ್ಳಿಗಟ್ಟಿಗಳನ್ನು ಮೇಲೆತ್ತಿತು. ಬ್ರಿಟನ್ನಿನ ಟಂಕಸಾಲೆ ಆ ಬೆಳ್ಳಿಯಿಂದ ನಾಣ್ಯ ಹೊಡೆದು ಅಂಚಿನಲ್ಲಿ ಹಡಗಿನ ಹೆಸರನ್ನೂ ಅಚ್ಚೊತ್ತಿತು. ಗಟ್ಟಿಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಲಂಡನ್ನಿನ ಟವರ್ ಹಿಲ್ ಸ್ಮಾರಕದ ಕಂಚಿನ ಫಲಕಗಳು ಯುದ್ಧದಲ್ಲಿ ಸತ್ತ ಬ್ರಿಟನ್ನಿನ ವ್ಯಾಪಾರಿ ನಾವಿಕರ ಹೆಸರುಗಳನ್ನು ಹೊತ್ತಿವೆ. ಆ ಯುದ್ಧದಲ್ಲಿ ಸತ್ತ ಸಾವಿರಾರು ಭಾರತೀಯ ನಾವಿಕರ ಹೆಸರುಗಳು ಮಾತ್ರ ಚಿತ್ತಗಾಂಗ್ ಮತ್ತು ಮುಂಬಯಿಯಲ್ಲಿರುವ ಪುಸ್ತಕಗಳ ಪುಟಗಳೊಳಗಿವೆ. ಪುಸ್ತಕವನ್ನು ತೆರೆದರಷ್ಟೇ ಅವು ಕಾಣುವುದು.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ಕಾರವಾರದ ಟಾಗೋರ್ ಕಡಲತೀರದಲ್ಲಿ 'ಚಾಪಲ್' ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ, ಪಕ್ಕದಲ್ಲೇ ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರ ಸ್ಮಾರಕವಿದೆ. ಅಲ್ಲಿ ಬಂದೂಕು ಹಿಡಿಯದೆ ಯುದ್ಧದಲ್ಲಿ ಸತ್ತವರಿಗೂ ಒಂದು ಗೋಡೆಯ ಜಾಗ ಸಿಗಲಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದಿಂದ ತಮ್ಮ ಇಲಾಖೆ ಆ ಹಡಗಿನ ಸಿಬ್ಬಂದಿಯ ಹೆಸರುಗಳನ್ನು ಅಧಿಕೃತವಾಗಿ ತರಿಸಿಕೊಂಡು, ಸಾರಂಗನಿಂದ ಅಡುಗೆಯವನವರೆಗೆ ಒಬ್ಬರನ್ನೂ ಬಿಡದೆ ಕನ್ನಡದಲ್ಲಿ ಕೆತ್ತಿಸಲಿ. ಅವರು ನಮ್ಮ ಜಿಲ್ಲೆಯವರೇ ಆಗಿರಬೇಕೆಂದಿಲ್ಲ. ಅವರ ಹಡಗಿನ ಮೇಲೆ ಬರೆದಿದ್ದದ್ದು ನಮ್ಮ ಊರಿನ ಹೆಸರು.

ಅದರೊಂದಿಗೆ, ಇಂದು ಏಜೆಂಟರಿಗೆ ಸಾಲ ಮಾಡಿ ಹಣ ಕೊಟ್ಟು ಹಡಗು ಹತ್ತಲು ಹೊರಡುವ ನಮ್ಮ ಕರಾವಳಿಯ ಹುಡುಗರಿಗೆ, ಸಮುದ್ರದಲ್ಲಿ ಬದುಕುಳಿಯುವ ಕಡ್ಡಾಯ ತರಬೇತಿಯ ವೆಚ್ಚವನ್ನಾದರೂ ಸರ್ಕಾರ ಭರಿಸುವಂತಾಗಲಿ. ಹೆಸರುಗಳ ಫಲಕಕ್ಕೆ ಬೇಕಾಗುವ ಮಾಹಿತಿಯನ್ನು ಕಲೆಹಾಕುವಲ್ಲಿ ಕೈಜೋಡಿಸಲು ಹೊನ್ನಾವರದಲ್ಲಿ ನಾವು ಕೆಲವರು ಸಿದ್ಧರಿದ್ದೇವೆ. ತಮ್ಮ ಉತ್ತರವನ್ನು ಎದುರು ನೋಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹೊನ್ನಾವರ ತಾಲ್ಲೂಕಿನ ಒಬ್ಬ ನಾಗರಿಕ