ಫ್ಯಾಟ್ ಫ್ರೀಜಿಂಗ್ ಮಷಿನ್ ತಗೊಂಡಿದೀವಿ, ಇಂಚ್ ಲಾಸ್ ಪ್ಯಾಕೇಜ್ ನಿಲ್ಲಿಸ್ತಿದೀವಿ

ಎಲ್ಲರಿಗೂ ನಮಸ್ಕಾರ,

ಎರಡು ವಾರದಿಂದ ಕ್ಲಿನಿಕ್ಕಿಗೆ ಬಂದೋರೆಲ್ಲ ಒಳಗಿನ ರೂಮಿನ ಬಾಗಿಲು ಹಾಕಿರೋದು ನೋಡಿ ಏನ್ ನಡೀತಿದೆ ಅಕ್ಕಾ ಅಂತ ಕೇಳ್ತಾನೇ ಇದೀರಿ, ಒಬ್ಬೊಬ್ಬರಿಗೆ ಒಂದೊಂದು ಥರ ಹೇಳೋ ಬದಲು ಎಲ್ಲರಿಗೂ ಒಂದೇ ಸಲ ಬರೆದು ಕಳಿಸೋಣ ಅಂತ ಕೂತಿದೀನಿ. ಕ್ರಯೋಲಿಪೊಲಿಸಿಸ್ ಮಷಿನ್ ತಗೊಂಡಿದೀವಿ, ನೀವು ಫ್ಯಾಟ್ ಫ್ರೀಜಿಂಗ್ ಅಂತ ಕೇಳಿರ್ತೀರಲ್ಲ ಅದೇ, ಅಂದ್ರೆ ಚಳಿ ಕೊಟ್ಟು ಕೊಬ್ಬು ಕರಗಿಸೋದು. ಆ ರೂಮು ಅದಕ್ಕೇ ರೆಡಿ ಆಗ್ತಿರೋದು, ಮುಂದಿನ ತಿಂಗಳು ಒಂದನೇ ತಾರೀಖಿಂದ ಶುರು ಮಾಡ್ತೀವಿ. ಅದರ ಜೊತೆಗೆ ಆರು ವರ್ಷದಿಂದ ನಡೆಸ್ಕೊಂಡು ಬಂದಿದ್ದ ಇಂಚ್ ಲಾಸ್ ಪ್ಯಾಕೇಜ್ ನಿಲ್ಲಿಸ್ತಿದೀವಿ.

ಮೊದ್ಲು ನಿಲ್ಲಿಸ್ತಿರೋದರ ಬಗ್ಗೆ ಹೇಳ್ತೀನಿ. ಹೊಟ್ಟೆಗೆ ಪಟ್ಟಿ ಸುತ್ತಿ ಬಿಸಿ ಕೊಟ್ಟು ಬೆವರಿಸಿ ಟೇಪ್ ಹಿಡಿದು ಅಳತೆ ಮಾಡಿದ್ರೆ ಅವತ್ತು ಒಂದು ಇಂಚು ಕಮ್ಮಿ ಬರುತ್ತೆ, ಅದು ನಿಜ, ಆದ್ರೆ ಹೋಗೋದು ನೀರು, ಕೊಬ್ಬಲ್ಲ, ವಾರದೊಳಗೆ ವಾಪಸ್ ಬರುತ್ತೆ. ನಿಮ್ಮಲ್ಲೇ ಎಷ್ಟೋ ಜನ ಹತ್ತು ಸಿಟ್ಟಿಂಗ್ ಮುಗಿಸಿ ಮತ್ತೆ ಹತ್ತು ತಗೊಂಡಿದೀರಿ, ನಾನೇ ರಸೀದಿ ಬರೆದಿದೀನಿ, ಅದನ್ನ ನೆನೆಸ್ಕೊಂಡ್ರೆ ನನಗೆ ಸಮಾಧಾನ ಇಲ್ಲ. ಡಾಕ್ಟರು, ಅಂದ್ರೆ ನನ್ನ ತಂಗಿ, ಎರಡು ವರ್ಷದಿಂದ ಇದನ್ನ ನಿಲ್ಲಿಸೋಣ ಅಕ್ಕಾ ಅಂತ ಹೇಳ್ತಾನೇ ಇದ್ಲು, ಬಾಡಿಗೆ, ಸಂಬಳ ಅಂತ ನಾನೇ ಮುಂದಕ್ಕೆ ಹಾಕ್ಕೊಂಡು ಬಂದೆ. ಈಗ ಯಾರ ಪ್ಯಾಕೇಜಲ್ಲಿ ಸಿಟ್ಟಿಂಗ್ ಉಳಿದಿದೆಯೋ ಅವರಿಗೆ ಉಳಿದಷ್ಟು ದುಡ್ಡು ಪೂರ್ತಿ ವಾಪಸ್. ಸ್ಕಿನ್ ಟ್ರೀಟ್‌ಮೆಂಟಿಗೆ ಹಾಕ್ಕೊಳ್ತೀನಿ ಅಂದ್ರೆ ಅದೂ ಆಗುತ್ತೆ. ಹೊಸ ಮಷಿನ್ನಿಗೆ ಮಾತ್ರ ಡಾಕ್ಟರ್ ನೋಡೋ ಮುಂಚೆ ವರ್ಗಾಯಿಸಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಹೊಸ ಮಷಿನ್ ಹೇಗೆ ಕೆಲಸ ಮಾಡುತ್ತೆ ಅಂದ್ರೆ, ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟ್ಲಿ ಗಟ್ಟಿ ಆಗಿರುತ್ತೆ, ಪಕ್ಕದಲ್ಲೇ ಇಟ್ಟ ನೀರಿನ ಚೊಂಬಿಗೆ ಏನೂ ಆಗಿರಲ್ಲ ಅಲ್ವಾ, ಮೈಯೊಳಗೂ ಹಾಗೇ, ಚರ್ಮಕ್ಕಿಂತ ನರಕ್ಕಿಂತ ಮೊದ್ಲು ಕೊಬ್ಬಿನ ಕಣಕ್ಕೇ ಚಳಿ ತಟ್ಟೋದು. 1970ರಲ್ಲಿ ಅಮೆರಿಕದಲ್ಲಿ ಐಸ್ ಕ್ಯಾಂಡಿ ಚೀಪ್ತಿದ್ದ ಒಂದು ಪುಟ್ಟ ಮಗುವಿನ ಕೆನ್ನೆಯೊಳಗಿನ ಕೊಬ್ಬು ಊದಿಕೊಂಡು ಆಮೇಲೆ ಕರಗಿದ್ದನ್ನ ಡಾಕ್ಟರುಗಳು ಬರೆದಿಟ್ಟಿದ್ರು, ಎಷ್ಟೋ ವರ್ಷ ಆದಮೇಲೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್ಲಿನ ಡೀಟರ್ ಮಾನ್‌ಸ್ಟೈನ್ ಮತ್ತೆ ರಾಕ್ಸ್ ಆಂಡರ್ಸನ್ ಅನ್ನೋ ಡಾಕ್ಟರುಗಳು ಅಂಥ ಕೇಸುಗಳ ಜಾಡು ಹಿಡಿದು ಈ ವಿಧಾನ ಮಾಡಿದ್ರು. 2010ರಲ್ಲಿ ಅಲ್ಲಿನ ಎಫ್‌ಡಿಎ, ಅಂದ್ರೆ ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ, ಸೊಂಟದ ಪಕ್ಕದ ಕೊಬ್ಬಿಗೆ ಒಪ್ಪಿಗೆ ಕೊಡ್ತು, 2012ರಲ್ಲಿ ಹೊಟ್ಟೆಗೆ, 2015ರಲ್ಲಿ ಗದ್ದದ ಕೆಳಗಿಗೆ. ಮಷಿನ್ನಿನ ಕಪ್ ಕೊಬ್ಬನ್ನ ಒಳಗೆಳ್ಕೊಂಡು ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ತಣ್ಣಗೆ ಮಾಡುತ್ತೆ, ಮಧ್ಯೆ ಚರ್ಮ ಕಾಪಾಡೋಕೆ ಒಂದು ಜೆಲ್ ಶೀಟ್ ಇರುತ್ತೆ. ಜಾಗ ನೋಡ್ಕೊಂಡು 35 ನಿಮಿಷದಿಂದ ಒಂದು ಗಂಟೆ, ಆಮೇಲೆ ಎರಡು ನಿಮಿಷ ಚೆನ್ನಾಗಿ ತಿಕ್ಕಿ ಮಸಾಜ್. ಸಾಯೋ ಕಣಗಳನ್ನ ದೇಹವೇ ನಿಧಾನಕ್ಕೆ ಕ್ಲೀನ್ ಮಾಡುತ್ತೆ, ಅದಕ್ಕೇ ರಿಸಲ್ಟ್ ಕಾಣೋಕೆ ಮೂರ್ನಾಲ್ಕು ವಾರ, ಪೂರ್ತಿ ಆಗೋಕೆ ಎರಡು ಮೂರು ತಿಂಗಳು ಬೇಕು.

ಮದುವೆಗೆ ಹದಿನೈದು ದಿನ ಇದೆ ಅಂತ ಬರೋ ಹುಡುಗೀರಿಗೆ ಇದು ಆಗಲ್ಲ. ಕಾರ್ತೀಕದಲ್ಲಿ ಮದುವೆ ಇದ್ರೆ ಆಷಾಢದಲ್ಲೇ ಬಂದ್ಬಿಡಿ.

ಈಗ ಮುಖ್ಯವಾದ ಮಾತು, ದಯವಿಟ್ಟು ಪೂರ್ತಿ ಓದಿ. ಇದು ತೂಕ ಇಳಿಸೋ ಮಷಿನ್ ಅಲ್ಲ. ಹಿಡಿದ ಜಾಗದಲ್ಲಿ ಕೊಬ್ಬಿನ ಪದರ ಒಂದು ಸಲಕ್ಕೆ ಸುಮಾರು 20ರಿಂದ 25% ತೆಳ್ಳಗಾಗುತ್ತೆ, ಅಷ್ಟೇ, ತಕ್ಕಡಿ ಮೇಲೆ ನಿಂತ್ರೆ ಏನೂ ಬದಲಾವಣೆ ಕಾಣಲ್ಲ. ಅದೂ ಚರ್ಮದ ಕೆಳಗಿನ, ಬೆರಳಲ್ಲಿ ಚಿವುಟಿದ್ರೆ ಕೈಗೆ ಸಿಗೋ ಕೊಬ್ಬು ಮಾತ್ರ. ನಮ್ಮ ಕಡೆ ಗಂಡಸರಿಗೆ ನಲವತ್ತು ದಾಟಿದ ಮೇಲೆ ಕೈಕಾಲು ಸಣ್ಣಗೇ ಇದ್ದು ಹೊಟ್ಟೆ ಮಾತ್ರ ಗಡಿಗೆ ಥರ ಗಟ್ಟಿಯಾಗಿ ಮುಂದೆ ಬಂದಿರುತ್ತೆ ನೋಡಿ, ಆ ಕೊಬ್ಬು ಇರೋದು ಒಳಗಡೆ ಕರುಳಿನ ಸುತ್ತ, ಅಲ್ಲಿಗೆ ಈ ಚಳಿ ತಲುಪೋದೇ ಇಲ್ಲ. ಅಂಥೋರು ಮೊದ್ಲು ಶುಗರ್, ಬಿಪಿ ಚೆಕ್ ಮಾಡಿಸ್ಬೇಕು. ನಮ್ಮ ದೇಶದೋರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ರೇ ಎಚ್ಚರ ಇರ್ಬೇಕು ಅಂತಾರೆ ಡಾಕ್ಟರು. ಅಂಥ ಹೊಟ್ಟೆ ಇರೋರ ಹತ್ರ ದುಡ್ಡು ತಗೊಂಡು ಮಷಿನ್ ಹಾಕಿ ಕಳಿಸೋದು ತಪ್ಪು, ನಾವದನ್ನ ಮಾಡಲ್ಲ.

ಹೆರಿಗೆ ಆದಮೇಲಿನ ಹೊಟ್ಟೆ ಬಗ್ಗೇನೇ ನಿಮ್ಮಲ್ಲಿ ತುಂಬಾ ಜನ ಕೇಳೋದು, ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ. ಬಾಣಂತನದಲ್ಲಿ ಅಮ್ಮ ಹೊಟ್ಟೆಗೆ ಬಟ್ಟೆ ಸರಿಯಾಗಿ ಕಟ್ಟಲಿಲ್ಲ, ನಾನು ತುಪ್ಪ ಜಾಸ್ತಿ ತಿಂದೆ, ಅದಕ್ಕೇ ಹೀಗಾಯ್ತು ಅಂತ ಎಷ್ಟೋ ಜನ ತಮ್ಮನ್ನೋ ಅಮ್ಮನನ್ನೋ ಬೈಕೊಂಡು ಬರ್ತಾರೆ, ಕೇಳಿದ್ರೆ ಹೊಟ್ಟೆ ಉರಿಯುತ್ತೆ ನನಗೆ. ಎಷ್ಟೋ ಸಲ ಅಲ್ಲಿ ಕೊಬ್ಬಿನ ಸಮಸ್ಯೆನೇ ಇರಲ್ಲ, ಬಸಿರಲ್ಲಿ ಹೊಟ್ಟೆ ಮಧ್ಯದ ಸ್ನಾಯು ಎರಡೂ ಕಡೆಗೆ ಬಿಟ್ಕೊಂಡಿದ್ದು ಮತ್ತೆ ಕೂಡಿರಲ್ಲ, ಅದಕ್ಕೆ ಬೇಕಾಗಿರೋದು ವ್ಯಾಯಾಮ, ಫಿಸಿಯೋಥೆರಪಿ. ಮಲಗಿಸಿ ತಲೆ ಎತ್ತಿಸಿ ಹೊಕ್ಕುಳ ಹತ್ರ ಬೆರಳಿಟ್ಟು ನೋಡಿದ್ರೆ ಗೊತ್ತಾಗುತ್ತೆ, ಡಾಕ್ಟರು ನೋಡ್ತಾರೆ. ಎದೆಹಾಲು ಕುಡಿಸ್ತಿರೋರಿಗೆ, ಬಸುರಿಯರಿಗೆ, ಹರ್ನಿಯಾ ಇರೋರಿಗೆ ನಾವು ಮಾಡಲ್ಲ. ಸಿಸೇರಿಯನ್ ಆಗಿದ್ರೆ ಗಾಯದ ಜಾಗ ನೋಡಿ ಹೇಳ್ತೀವಿ. ತಣ್ಣೀರು ಮುಟ್ಟಿದ್ರೆ ಮೈ ಮೇಲೆ ದದ್ದು ಏಳೋರು, ಚಳಿಗೆ ಬೆರಳು ಬೆಳ್ಳಗೆ ನೀಲಿ ಆಗೋರು ಇದ್ರೆ ಬಾಯಿಬಿಟ್ಟು ಹೇಳ್ಲೇಬೇಕು, ಚಳಿಗೆ ರಕ್ತ ಕೆಡೋ ಕೆಲವು ಅಪರೂಪದ ಕಾಯಿಲೆಗಳಿವೆ, ಅವಿದ್ರೆ ಈ ಮಷಿನ್ ಹತ್ರಕ್ಕೂ ಹೋಗಬಾರದು.

ತೊಂದ್ರೆ ಬಗ್ಗೆನೂ ಮುಚ್ಚಿಡಲ್ಲ. ಮೊದಲ ಐದತ್ತು ನಿಮಿಷ ಎಳೆತ, ಕೊರೆತ ಇರುತ್ತೆ, ಆಮೇಲೆ ಜೋಮು. ಕೆಂಪಾಗೋದು, ಕಪ್ಪುಗಟ್ಟೋದು, ನೋವು ಕೆಲವು ದಿನ ಇರುತ್ತೆ, ಮರಗಟ್ಟಿದ ಹಾಗೆ ಆಗೋದು ಕೆಲವರಿಗೆ ವಾರಗಟ್ಟಲೆ. ಇದೆಲ್ಲ ಹೋಗುತ್ತೆ. ಆದ್ರೆ ಅಪರೂಪಕ್ಕೆ ಒಬ್ಬರಿಗೆ ಉಲ್ಟಾ ಆಗುತ್ತೆ, ಕೊಬ್ಬು ಕರಗೋ ಬದಲು ಕೆಲವು ತಿಂಗಳಾದ ಮೇಲೆ ಅದೇ ಜಾಗ ಮಷಿನ್ ಕಪ್‌ನ ಆಕಾರದಲ್ಲೇ ಗಟ್ಟಿಯಾಗಿ ದೊಡ್ಡದಾಗುತ್ತೆ, ತಾನಾಗೇ ಹೋಗಲ್ಲ, ಕೊಬ್ಬು ಹೀರಿ ತೆಗೆಯೋ ಲೈಪೊಸಕ್ಷನ್ ಥರ ಆಪರೇಷನ್ನೇ ಮಾಡಿಸ್ಬೇಕು. ಇದು ವೈದ್ಯಕೀಯ ಪತ್ರಿಕೇಲಿ ಮೊದಲ ಸಲ ವರದಿ ಆಗಿದ್ದು 2014ರಲ್ಲಿ, ಲಿಂಡಾ ಇವಾಂಜೆಲಿಸ್ಟಾ ಅನ್ನೋ ದೊಡ್ಡ ಮಾಡೆಲ್ 2021ರಲ್ಲಿ ತನಗೇ ಹೀಗಾಯ್ತು ಅಂತ ಹೇಳ್ಕೊಂಡ ಮೇಲೆ ಜಗತ್ತಿಗೆಲ್ಲ ಗೊತ್ತಾಯ್ತು. ಸಾವಿರಾರು ಜನದಲ್ಲಿ ಒಬ್ಬರಿಗೆ ಅಂತ ತಯಾರಕರು ಹೇಳ್ತಿದ್ರು, ಆಮೇಲೆ ಬಂದ ಸ್ಟಡಿಗಳಲ್ಲಿ ಅದಕ್ಕಿಂತ ಜಾಸ್ತಿ ಕಂಡಿದೆ. ಇದನ್ನ ಕನ್ನಡದಲ್ಲೇ ಒಂದು ಹಾಳೆ ಮೇಲೆ ಪ್ರಿಂಟ್ ಮಾಡಿಸಿದೀವಿ, ಮನೆಗೆ ತಗೊಂಡು ಹೋಗಿ ಓದಿ, ಮನೇಲಿ ಮಾತಾಡಿ, ಆಮೇಲೆ ಸೈನ್ ಮಾಡಿ. ನೋಡಿದ ದಿನಾನೇ ಯಾರಿಗೂ ಸಿಟ್ಟಿಂಗ್ ಮಾಡಲ್ಲ.

ಮಷಿನ್ ಹುಡುಕೋಕೇ ನಮಗೆ ಏಳು ತಿಂಗಳು ಹಿಡೀತು. ನಮಗೆ ಬಂದ ಕೊಟೇಷನ್‌ಗಳಲ್ಲಿ ಎರಡು ಲಕ್ಷದೊಳಗಿನ ಹೆಸರಿಲ್ಲದ ಮಷಿನ್ನೂ ಇತ್ತು, ಅದಕ್ಕಿಂತ ಹತ್ತು ಹದಿನೈದು ಪಟ್ಟಿನದೂ ಇತ್ತು, ಹೊರಗಡೆಯಿಂದ ನೋಡಿದ್ರೆ ಎಲ್ಲಾ ಒಂದೇ ಥರ. ವ್ಯತ್ಯಾಸ ಇರೋದು ಒಳಗಿನ ಸೆನ್ಸರಲ್ಲಿ, ಚರ್ಮದ ಟೆಂಪರೇಚರ್ ಲೆಕ್ಕ ತಪ್ಪಿದ್ರೆ ಮಷಿನ್ ತಾನೇ ನಿಲ್ಲುತ್ತಾ ಇಲ್ವಾ ಅನ್ನೋದ್ರಲ್ಲಿ, ಮತ್ತೆ ಜೆಲ್ ಶೀಟಲ್ಲಿ. ಬೇರೆ ಕಡೆ ಮಾಡಿಸ್ಕೊಂಡು ಹೊಟ್ಟೆ ಮೇಲೆ ಅಂಗೈ ಅಗಲ ಬೊಬ್ಬೆ ಎದ್ದು ನಮ್ಮಲ್ಲಿಗೆ ಬಂದಿದ್ದ ಒಬ್ಬ ಹೆಣ್ಣುಮಗಳ ಗಾಯ ತಂಗಿ ಎರಡು ತಿಂಗಳು ಡ್ರೆಸ್ಸಿಂಗ್ ಮಾಡಿದ್ಲು, ಚಳಿಯಿಂದ ಸುಟ್ಟ ಗಾಯ ಅದು, ಕಲೆ ಇವತ್ತಿಗೂ ಹೋಗಿಲ್ಲ. ಅದಾದ ಮೇಲೆ ನಾವು ಅಗ್ಗದ್ದು ನೋಡೋದನ್ನೇ ಬಿಟ್ವಿ. 2020ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ವೈದ್ಯಕೀಯ ಉಪಕರಣಗಳೆಲ್ಲ ಔಷಧಿ ಕಾನೂನಿನ ಕೆಳಗೆ ಬಂದಿವೆ, ನಮ್ಮ ಮಷಿನ್ನಿನ ಆಮದು ಲೈಸೆನ್ಸ್ ಕಾಪಿ ರಿಸೆಪ್ಷನ್ನಲ್ಲೇ ಇದೆ, ಕೇಳಿ ನೋಡ್ಬಹುದು, ಬೇರೆ ಎಲ್ಲಿಗಾದ್ರೂ ಹೋದ್ರೂ ಕೇಳಿ. ಜೆಲ್ ಶೀಟ್ ಒಬ್ಬರಿಗೆ ಒಂದು, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೀತೀವಿ. ಇಲ್ಲಿ ಕರೆಂಟ್ ಹೋಗೋದು ನಿಮಗೂ ಗೊತ್ತು, ಅದಕ್ಕೆ ಯುಪಿಎಸ್, ಸ್ಟೆಬಿಲೈಸರ್ ಬೇರೆ ಹಾಕಿಸಿದೀವಿ.

ದುಡ್ಡಿನ ವಿಷಯ. ಅಪ್ಪ ಕಟ್ಟಿಸಿದ ಮನೆ ಪತ್ರ ಇಟ್ಟು ಬ್ಯಾಂಕಲ್ಲಿ ಸಾಲ ಮಾಡಿ ತಗೊಂಡಿರೋದು ಇದನ್ನ, ಐದು ವರ್ಷ ಇಎಂಐ. ಇದನ್ನ ನಿಮಗೆ ಹೇಳೋಕೆ ಕಾರಣ ಇದೆ. ಮಾರೋಕೆ ಬಂದ ಏಜೆಂಟ್ ಒಂದು ಹಾಳೆ ಕೊಟ್ಟು, ತಿಂಗಳಿಗೆ ಇಷ್ಟು ಪ್ಯಾಕೇಜ್ ಮಾರಿದ್ರೆ ಹತ್ತು ತಿಂಗಳಲ್ಲಿ ಬಂಡವಾಳ ವಾಪಸ್ ಮೇಡಂ, ಬಂದೋರನ್ನ ಸುಮ್ನೆ ಕಳಿಸ್ಬೇಡಿ ಅಂದ. ಸಾಲ ತಲೆ ಮೇಲಿರುವಾಗ ಎದುರಿಗೆ ಕೂತೋರೆಲ್ಲ ಇಎಂಐ ಥರನೇ ಕಾಣೋಕೆ ಶುರು ಆಗುತ್ತೆ, ಆ ಭಯ ನಮಗಿದೆ. ಅದಕ್ಕೆ ನಾವಿಬ್ರೂ ಕೂತು ಸ್ಕಿನ್ ಮತ್ತೆ ಲೇಸರ್ ಆದಾಯದಲ್ಲೇ ಕಂತು ಕಟ್ಟೋಕಾಗುತ್ತಾ ಅಂತ ಲೆಕ್ಕ ಹಾಕಿದ್ವಿ, ಕಷ್ಟ ಇದೆ ಆದ್ರೆ ಆಗುತ್ತೆ ಅಂತ ಆದಮೇಲೇ ಸೈನ್ ಹಾಕಿದ್ದು. ಇದಕ್ಕೆ ಪ್ಯಾಕೇಜ್ ಇಲ್ಲ, ಆಫರ್ ಇಲ್ಲ, ಸ್ಟಾಫಿಗೆ ಕಮಿಷನ್ ಇಲ್ಲ. ಮಷಿನ್ನಿನ ಕಪ್ ಒಂದು ಜಾಗಕ್ಕೆ ಒಂದು ಸಲ ಹಾಕೋಕೆ 9,500 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ಕಾಯಿಲೆ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಇಂಥ ಕಾಸ್ಮೆಟಿಕ್ ಟ್ರೀಟ್‌ಮೆಂಟಿಗೆ ಇದೆ, ಬಿಲ್ ಬೇಡ ಕಮ್ಮಿ ಮಾಡಿ ಅಂತ ಕೇಳ್ಬೇಡಿ ಪ್ಲೀಸ್. ಮೊದಲನೇದು ಆಗಿ ಮೂರು ತಿಂಗಳ ನಂತರ ಅದೇ ಲೈಟಲ್ಲಿ ಅದೇ ಜಾಗದಲ್ಲಿ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿದ ಮೇಲೇ ಎರಡನೇದು ಬೇಕಾ ಬೇಡ್ವಾ ಮಾತು. ಫೋಟೋ ನಿಮ್ಮ ಫೈಲಲ್ಲೇ ಇರುತ್ತೆ, ಎಲ್ಲೂ ಹಾಕಲ್ಲ.

ಡಾಕ್ಟರ್ ನೋಡೋದು ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮಾತ್ರ, ಹಳೇ ಕಸ್ಟಮರುಗಳಿಗೆ ಇದಕ್ಕೆ ಕನ್ಸಲ್ಟೇಷನ್ ಫೀಸ್ ತಗೊಳ್ಳಲ್ಲ. ಬೇಡ ಅಂತ ವಾಪಸ್ ಕಳಿಸಿದ್ರೆ ಬೇಜಾರ್ ಮಾಡ್ಕೋಬೇಡಿ. ಬರೋವಾಗ ಊಟ ಮಾಡ್ಕೊಂಡೇ ಬನ್ನಿ, ಸಡಿಲವಾದ ಬಟ್ಟೆ ಹಾಕ್ಕೊಳ್ಳಿ, ತಗೊಳ್ತಿರೋ ಮಾತ್ರೆ ಚೀಟಿಗಳನ್ನ ಮರೀದೆ ತನ್ನಿ, ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಫೋನಲ್ಲೇ ಮೊದ್ಲು ತಿಳಿಸಿ. ವಾಪಸ್ ಬರಬೇಕಾದ ದುಡ್ಡಿಗೆ ಹಳೇ ರಸೀದಿ ಕಳೆದಿದ್ರೂ ಪರವಾಗಿಲ್ಲ, ಎಲ್ಲರ ಲೆಕ್ಕನೂ ನನ್ನ ಪುಸ್ತಕದಲ್ಲಿದೆ.