ಭ್ರೂಣ ಮಾರಿದವರ ಹೊಣೆ ಎಷ್ಟು ದಿನ? ಪಶುಸಂಗೋಪನಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ದನಗಳನ್ನು, ಮತ್ತು ಒಳ್ಳೆ ತಳಿಯ ಹಸು-ಹೋರಿಯಿಂದ ಪಡೆದು ಬೇರೆ ಹಸುವಿನ ಗರ್ಭದಲ್ಲಿ ಇಟ್ಟು ಕರು ಪಡೆಯುವ ಭ್ರೂಣಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವುದಕ್ಕೆ ಸರಿಯಾದ ನಿಯಮ ಬೇಕು ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಾರಿದ್ದರ ನಿಜ ಬಣ್ಣ ಗೊತ್ತಾಗಲು ಎಷ್ಟು ಕಾಲ ಬೇಕೋ, ಮಾರಿದವರ ಹೊಣೆ ಮತ್ತು ಹರಾಜು ನಡೆಸಿದ ಕಂಪನಿಯ ಹೊಣೆ ಅಷ್ಟು ಕಾಲ ಉಳಿಯಬೇಕು. ಸರಕು ಕೈಸೇರಿ ಎರಡು ದಿನದೊಳಗೆ ಇಲ್ಲವೇ ಒಂದು ವಾರದೊಳಗೆ ದೂರು ಕೊಡಿ, ಆಮೇಲೆ ನಮ್ಮನ್ನು ಕೇಳಬೇಡಿ ಅಂತ ಸಣ್ಣ ಅಕ್ಷರದಲ್ಲಿ ಷರತ್ತು ಹಾಕುವವರಿದ್ದಾರೆ. ಫೋನು, ಫ್ಯಾನು ಮಾರುವವರಿಗೆ ಆ ಷರತ್ತು ಸರಿಹೋಗಬಹುದು. ಗಬ್ಬದ ಹಸುವಿಗೆ, ನೈಟ್ರೋಜನ್ ಕ್ಯಾನಿನಲ್ಲಿ ಬರುವ ಭ್ರೂಣಕ್ಕೆ ಅದು ಖಂಡಿತ ಸರಿಹೋಗಲ್ಲ.

ಆನ್‌ಲೈನ್ ಹರಾಜೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದರಿಂದ ಉಪಕಾರ ಬಹಳ ಇದೆ. ದನವನ್ನು ಲಾರಿಗೆ ಹತ್ತಿಸಿ, ದಿನವಿಡೀ ಬಿಸಿಲಲ್ಲಿ ನಿಲ್ಲಿಸಿ, ಒಳ್ಳೆ ಬೆಲೆ ಬರಲಿಲ್ಲ ಅಂತ ಸಂಜೆ ಮತ್ತೆ ಲಾರಿಗೆ ಹತ್ತಿಸಿ ವಾಪಸ್ ತರುವ ಹಿಂಸೆ ತಪ್ಪುತ್ತದೆ. ಹತ್ತಾರು ಕಡೆಯ ದನ ಒಂದೇ ಜಾಗದಲ್ಲಿ ಸೇರಿದರೆ ಕಾಲುಬಾಯಿ ರೋಗದಂಥದ್ದು ಎಷ್ಟು ಬೇಗ ಹರಡುತ್ತದೆ ಅನ್ನುವುದು ನಿಮ್ಮ ಇಲಾಖೆಯವರಿಗೇ ಚೆನ್ನಾಗಿ ಗೊತ್ತು. ಆನ್‌ಲೈನ್‌ನಲ್ಲಾದರೆ ಮಾರಾಟ ಆಗುವವರೆಗೂ ದನ ತನ್ನ ಕೊಟ್ಟಿಗೆಯಲ್ಲೇ ಇರುತ್ತದೆ. ದೂರದ ಕೊಳ್ಳುಗನೂ ಕೂಗಬಹುದು, ಪಕ್ಕದ ದಲ್ಲಾಳಿ ಹೇಳಿದ್ದೇ ಬೆಲೆ ಅನ್ನುವ ಕಾಲ ಹೋಗುತ್ತದೆ. ಇದೆಲ್ಲ ಉಳಿಯಬೇಕು ಅಂತಲೇ ನಾನು ನಿಯಮ ಕೇಳುತ್ತಿದ್ದೇನೆ. ನಂಬಿಕೆ ಒಮ್ಮೆ ಕೆಟ್ಟರೆ ಜನ ಮತ್ತೆ ಆ ಕಡೆ ತಿರುಗಿ ನೋಡಲ್ಲ.

ಮೊದಲು ಹಸುವಿನ ವಿಷಯ. ಎದುರಿಗೆ ನಿಂತು ಕೊಳ್ಳುವವರು ಕೆಚ್ಚಲು ಮುಟ್ಟಿ ನೋಡುತ್ತಾರೆ, ನಾಲ್ಕೂ ಮೊಲೆಯಿಂದ ನಾಲ್ಕು ಸೆಳೆ ಹಾಲು ಹಿಂಡುತ್ತಾರೆ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸ್ವಲ್ಪ ನಡೆಸಿ ಕಾಲಿನ ದೋಷ ಹುಡುಕುತ್ತಾರೆ. ವಿಡಿಯೋದಲ್ಲಿ ಇದ್ಯಾವುದೂ ಆಗಲ್ಲ. ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟರೆ ಎಂಥ ಕೆಚ್ಚಲೂ ತುಂಬಿಕೊಂಡು ಕಾಣುತ್ತದೆ. ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿಹೋಗಿದ್ದರೆ, ಕ್ಯಾಮೆರಾ ಆ ಬದಿಗೆ ಹೋಗುವುದೇ ಇಲ್ಲ. ಎಡಗಡೆಯಿಂದಲೇ ತೆಗೆದ ವಿಡಿಯೋ, ಹಸು ನಿಂತಲ್ಲೇ ನಿಂತಿದೆ, ಮುಂದಿನ ಕಾಲು ಹುಲ್ಲಿನಲ್ಲಿ ಮುಚ್ಚಿಹೋಗಿದೆ, ಕಿವಿಯೋಲೆಯ ನಂಬರ್ ಓದಲಾಗುತ್ತಿಲ್ಲ. ಇಂಥ ಪುಟ ನೋಡಿ ಒಂದು ಕುಟುಂಬ ವರ್ಷದ ದುಡಿಮೆಯನ್ನು ಸುರಿಯುತ್ತದೆ.

ಈ ದೋಷಗಳಾದರೂ ಹಸು ಮನೆಗೆ ಬಂದ ವಾರದಲ್ಲಿ ಗೊತ್ತಾಗುತ್ತವೆ. ಇವಕ್ಕೆ ಒಂದು ವಾರದ ಗಡುವು ಸಾಕು, ಅದರ ಬಗ್ಗೆ ನನಗೆ ಜಗಳವಿಲ್ಲ. ಆದರೆ ಎಲ್ಲ ದೋಷವೂ ವಾರದಲ್ಲಿ ಹೊರಬರಲ್ಲ, ಅಲ್ವಾ?

ಒಂದು ಹೆಣ್ಣುಗರು ತಗೊಳ್ಳಿ. ನೋಡಲು ಲಕ್ಷಣವಾಗಿದೆ, ತಾಯಿಯ ಹಾಲಿನ ದಾಖಲೆಯೂ ಚೆನ್ನಾಗಿದೆ. ಆದರೆ ಅದು ಗಂಡುಗರುವಿನ ಜೊತೆ ಅವಳಿಯಾಗಿ ಹುಟ್ಟಿದ್ದು. ಹಾಗೆ ಹುಟ್ಟಿದ ಹೆಣ್ಣುಗರುಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಗೊಡ್ಡು. ಹೊಟ್ಟೆಯಲ್ಲಿದ್ದಾಗ ಎರಡೂ ಕರುಗಳ ರಕ್ತ ಬೆರೆತು ಹೆಣ್ಣಿನ ಗರ್ಭಕೋಶ ಸರಿಯಾಗಿ ಬೆಳೆದಿರುವುದಿಲ್ಲ. ಕೊಂಡವರು ಮೇವು ಹಾಕಿ ಸಾಕುತ್ತಾರೆ, ಬೆದೆಗೆ ಬರುತ್ತದೆ ಅಂತ ವರ್ಷಗಟ್ಟಲೆ ಕಾಯುತ್ತಾರೆ. ಮಾರುವವರಿಗೆ ಅದು ಅವಳಿ ಅನ್ನುವುದು ಹುಟ್ಟಿದ ದಿನವೇ ಗೊತ್ತಿತ್ತು. ಹರಾಜಿನ ಪುಟದಲ್ಲಿ ಒಂದು ಖಾನೆ ಇದ್ದಿದ್ದರೆ ಸಾಕಿತ್ತು: ಒಂಟಿಯೋ, ಅವಳಿಯೋ.

ಗಬ್ಬದ ಹಸುವಿನದ್ದು ಇನ್ನೊಂದು ತರದ ಕಷ್ಟ. ಬಿವಿಡಿ ಅನ್ನುವ ವೈರಸ್ ರೋಗ ಇದೆ. ಗಬ್ಬದ ಮೊದಲ ನಾಲ್ಕು ತಿಂಗಳಲ್ಲಿ ತಾಯಿಗೆ ಅದು ತಗುಲಿದರೆ, ತಾಯಿ ಚೇತರಿಸಿಕೊಳ್ಳುತ್ತದೆ, ಆದರೆ ಹೊಟ್ಟೆಯ ಕರುವಿನಲ್ಲಿ ವೈರಸ್ ಶಾಶ್ವತವಾಗಿ ಉಳಿದುಬಿಡಬಹುದು. ಆಮೇಲೆ ತಾಯಿಯ ರಕ್ತ ಪರೀಕ್ಷೆ ಮಾಡಿದರೆ ವೈರಸ್ ಇಲ್ಲ ಅಂತಲೇ ಬರುತ್ತದೆ. ಕರು ಹುಟ್ಟಿದ ಮೇಲೆ ಬದುಕಿರುವಷ್ಟು ದಿನ ಇಡೀ ಕೊಟ್ಟಿಗೆಗೆ ರೋಗ ಹಂಚುತ್ತದೆ. ಕರುವಿನ ಕಿವಿಯ ಚೂರು ತೆಗೆದು ಪರೀಕ್ಷೆ ಮಾಡುವವರೆಗೆ ಯಾರಿಗೂ ಗೊತ್ತಾಗಲ್ಲ. ಇಂಥ ಕಡೆ ಏಳು ದಿನದ ಗಡುವು ಇಟ್ಟರೆ ಅದು ಗಡುವೇ ಅಲ್ಲ, ಸುಮ್ನೆ ಬಾಗಿಲು ಮುಚ್ಚಿದ ಹಾಗೆ.

ಈಗ ಭ್ರೂಣಕ್ಕೆ ಬರುತ್ತೇನೆ, ಯಾಕಂದರೆ ನನ್ನ ಹೆಚ್ಚಿನ ಆತಂಕ ಇರುವುದು ಅಲ್ಲಿಯೇ. ಕರೆಯುವ ಹಸುವನ್ನು ಕೊಳ್ಳುವವನಿಗೆ ಕಣ್ಣಿಗೆ ಕಾಣುವ ಒಂದು ಪ್ರಾಣಿಯಾದರೂ ಸಿಗುತ್ತದೆ. ಭ್ರೂಣ ಕೊಳ್ಳುವವನಿಗೆ ಸಿಗುವುದು ಕಾಲು ಮಿಲಿಲೀಟರ್ ಹಿಡಿಯುವ ಒಂದು ತೆಳು ಸ್ಟ್ರಾ, ಅದರೊಳಗೆ ಏಳು ದಿನದ ಭ್ರೂಣ, ಗಾತ್ರ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟಿರುತ್ತಾರೆ. ಹೊರಗೆ ತೆಗೆದು ನೋಡೋಣ ಅಂದರೆ ಆ ನೋಟದಲ್ಲೇ ಅದು ಸತ್ತುಹೋಗಬಹುದು. ಕೊಳ್ಳುವವನ ಪಾಲಿಗೆ ಆ ಸ್ಟ್ರಾದ ಮೇಲಿನ ಸಣ್ಣ ಬರಹ ಮತ್ತು ಜೊತೆಗೆ ಬರುವ ಕಾಗದವೇ ಎಲ್ಲ.

ಆ ಬರಹದಲ್ಲಿ ಏನೇನು ಇರಬೇಕು ಅನ್ನುವುದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅಂತರರಾಷ್ಟ್ರೀಯ ಭ್ರೂಣ ತಂತ್ರಜ್ಞಾನ ಸೊಸೈಟಿ 1974ರಿಂದ ಇದೆ. ಭ್ರೂಣ ಯಾವ ಹಂತದ್ದು, ಗುಣಮಟ್ಟ 1ರಿಂದ 4ರೊಳಗೆ ಎಷ್ಟನೆಯದು ಅಂತ ಗುರುತಿಸುವ ಸಂಕೇತಗಳು ಅವರದ್ದೇ. 1 ಅಂದರೆ ಉತ್ತಮ, 4 ಅಂದರೆ ಸತ್ತದ್ದು ಇಲ್ಲವೇ ಸಾಯುತ್ತಿರುವುದು. ರೋಗ ಹರಡದ ಹಾಗೆ ಭ್ರೂಣವನ್ನು 10 ಸಲ ತೊಳೆಯುವ ಕ್ರಮವೂ ಅವರ ಕೈಪಿಡಿಯಲ್ಲಿದೆ. ಹೀಗಿದ್ದೂ ಹರಾಜಿನ ಪುಟಗಳಲ್ಲಿ "ಉತ್ತಮ ಗುಣಮಟ್ಟದ ಭ್ರೂಣ" ಅಂತ ಬರೆದು, ಅಪ್ಪ ಅಮ್ಮನ ಫೋಟೋ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಗ್ರೇಡ್ ಇಲ್ಲ. ಹಸುವಿನ ಹೊಟ್ಟೆಯಿಂದ ತೊಳೆದು ತೆಗೆದದ್ದೋ ಲ್ಯಾಬಿನಲ್ಲಿ ಮಾಡಿದ್ದೋ ಗೊತ್ತಿಲ್ಲ. ಯಾವ ವಿಧಾನದಲ್ಲಿ ಹೆಪ್ಪುಗಟ್ಟಿಸಿದ್ದು ಅಂತಲೂ ಬರೆದಿರಲ್ಲ. ಈ ಕೊನೆಯದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ಹೆಪ್ಪುಗಟ್ಟುವಾಗ ಭ್ರೂಣ ಕೆಡದಂತೆ ಒಂದು ದ್ರವ ಹಾಕುತ್ತಾರೆ. ಎಥಿಲೀನ್ ಗ್ಲೈಕಾಲ್ ಹಾಕಿ ಹೆಪ್ಪುಗಟ್ಟಿಸಿದ್ದಾದರೆ ಬೆಚ್ಚಗಿನ ನೀರಲ್ಲಿ ಕರಗಿಸಿ ನೇರವಾಗಿ ಹಸುವಿನೊಳಗೆ ಇಡಬಹುದು. ಗ್ಲಿಸರಾಲ್ ಹಾಕಿದ್ದಾದರೆ ಮೊದಲು ಅದನ್ನು ಹಂತಹಂತವಾಗಿ ತೆಗೆಯಬೇಕು. ಗೊತ್ತಿಲ್ಲದೆ ಗ್ಲಿಸರಾಲಿನದ್ದನ್ನು ನೇರವಾಗಿ ಇಟ್ಟರೆ ಭ್ರೂಣ ಉಳಿಯುವುದು ಕಷ್ಟ. ಆಮೇಲೆ "ನಿಮ್ಮ ತಂತ್ರಜ್ಞನಿಗೆ ಕೈಗುಣ ಇಲ್ಲ" ಅಂತ ಮಾತು ಕೇಳಬೇಕಾಗುತ್ತದೆ.

ಗಬ್ಬ ನಿಲ್ಲಲಿಲ್ಲ ಅಂದ ಮಾತ್ರಕ್ಕೆ ಮೋಸ ಅಂತ ನಾನು ಹೇಳಲ್ಲ. ಒಳ್ಳೆಯ ಭ್ರೂಣ, ಒಳ್ಳೆಯ ಕೈ, ಭ್ರೂಣದ ವಯಸ್ಸಿಗೆ ಸರಿಯಾಗಿ ಬೆದೆ ಹೊಂದಿಸಿದ ಹಸು, ಎಲ್ಲ ಇದ್ದರೂ ಹೆಪ್ಪುಗಟ್ಟಿಸಿದ ಭ್ರೂಣಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ನಿಲ್ಲುತ್ತವೆ. ಈ ಮಾತನ್ನೂ ಹರಾಜಿನ ಪುಟದ ಮೇಲ್ಭಾಗದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಬೇಕು, ಯಾಕಂದರೆ ಮೊದಲ ಸಲ ಕೊಳ್ಳುವವರು ಒಂದು ಭ್ರೂಣ ಅಂದರೆ ಒಂದು ಕರು ಅಂತ ಲೆಕ್ಕ ಹಾಕಿ ಸಾಲ ಮಾಡಿರುತ್ತಾರೆ. ನಾನು ಕೇಳುತ್ತಿರುವುದು ಹುಟ್ಟಿದ ಕರುವಿನ ಬಗ್ಗೆ. ಹೇಳಿದ ಅಪ್ಪ ಅಮ್ಮನದ್ದೇ ಕರು ಅಲ್ಲದಿದ್ದರೆ ಯಾರು ಹೊಣೆ?

ನಮ್ಮ ಪರಿಚಯದ ಒಬ್ಬರಿಗೆ ಇದೇ ಆಯಿತು. ಹೆಸರಾಂತ ಹೋರಿಯ ಭ್ರೂಣ ಅಂತ ಕೊಂಡರು. ಕರು ಹುಟ್ಟಿ, ಬೆಳೆದು, ತಳಿ ನೋಂದಣಿಗೆ ಅಂತ ಬಾಲದ ಕೂದಲು ಕಿತ್ತು ಡಿಎನ್‌ಎ ಪರೀಕ್ಷೆಗೆ ಕಳಿಸಿದಾಗ ಭ್ರೂಣದ ಕಾಗದದಲ್ಲಿ ಹೇಳಿದ್ದ ತಾಯಿ ತಾಳೆಯಾಯಿತು, ತಂದೆ ತಾಳೆಯಾಗಲಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಭ್ರೂಣ ಇಟ್ಟ ಹಸು ತಾನೇ ಬೇರೆ ಹೋರಿಯಿಂದ ಗಬ್ಬವಾಗಿದ್ದರೆ ತಾಯಿಯೂ ತಾಳೆಯಾಗುತ್ತಿರಲಿಲ್ಲ. ತಾಯಿ ಸರಿ ಇದ್ದು ತಂದೆ ಮಾತ್ರ ಬೇರೆ ಅಂದರೆ ತಪ್ಪು ನಡೆದದ್ದು ಭ್ರೂಣ ಮಾಡಿದ ಜಾಗದಲ್ಲೇ. ಕೊಂಡವರ ಕೊಟ್ಟಿಗೆಯಲ್ಲಿ ಅಲ್ಲ. ಇಷ್ಟು ಸ್ಪಷ್ಟವಾದ ಸಾಕ್ಷಿ ಹಿಡಿದು ಕೇಳಿದರೆ ಹರಾಜು ನಡೆಸಿದವರು ಕೊಟ್ಟ ಉತ್ತರ ಒಂದೇ ಸಾಲಿನದ್ದು: ದೂರು ಕೊಡುವ ಅವಧಿ ಮುಗಿದಿದೆ. ಆ ಅವಧಿ ಮುಗಿಯುವ ಹೊತ್ತಿಗೆ ಭ್ರೂಣವನ್ನು ಹಸುವಿನೊಳಗೆ ಇಟ್ಟೂ ಇರಲಿಲ್ಲ. ಕ್ಯಾನಿನಲ್ಲೇ ಇತ್ತು.

ಒಂಬತ್ತು ತಿಂಗಳು ಗಬ್ಬ, ಅದಕ್ಕೆ ಮೊದಲು ಹಸುವಿನ ಬೆದೆ ಹೊಂದಿಸಲು ಕೆಲವು ವಾರ, ಹುಟ್ಟಿದ ಮೇಲೆ ಪರೀಕ್ಷೆಗೆ ಸ್ವಲ್ಪ ದಿನ. ಕೊಂಡ ತಕ್ಷಣ ಎಲ್ಲರೂ ಇಡಲ್ಲ, ಹಾಗಾಗಿ ಲೆಕ್ಕವನ್ನು ಕೊಂಡ ದಿನದಿಂದ ಹಾಕದೆ ಕರು ಹುಟ್ಟಿದ ದಿನದಿಂದ ಹಾಕಿ. ಹುಟ್ಟಿದ ಮೂರು ತಿಂಗಳೊಳಗೆ ಡಿಎನ್‌ಎ ಪರೀಕ್ಷೆ ಮಾಡಿಸಿ ದೂರು ಕೊಡಲು ಅವಕಾಶ ಇರಲಿ. ದುರುಪಯೋಗ ಆಗದಂತೆ ಭ್ರೂಣವನ್ನು ಇಂತಿಷ್ಟು ವರ್ಷದೊಳಗೆ ಬಳಸಬೇಕು ಅಂತ ಮಿತಿ ಬೇಕಾದರೆ ಹಾಕಿ, ಅದು ನ್ಯಾಯವೇ.

ವಂಶದ ರೋಗಗಳ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಅನ್ನುವ ಹೋಲ್‌ಸ್ಟೈನ್ ಹೋರಿ ಇತ್ತು. ಅದರ ಹೆಣ್ಣುಮಕ್ಕಳೇ 16,000. ಹಾಲಿನಲ್ಲಿ ಅದ್ಭುತ ವಂಶ, ಯಾರೂ ಅಲ್ಲಗಳೆಯಲ್ಲ. ಆದರೆ ಅದರ ಜೀನಿನಲ್ಲಿ ಒಂದು ದೋಷವೂ ಇತ್ತು. ಅಪ್ಪ ಅಮ್ಮ ಇಬ್ಬರಿಂದಲೂ ಆ ದೋಷ ಬಂದರೆ ಭ್ರೂಣ ಉಳಿಯಲ್ಲ, ಹಸು ಕಂದು ಹಾಕುತ್ತದೆ. ಜಗತ್ತಿನಾದ್ಯಂತ 5,25,000 ಗಬ್ಬಗಳು ಈ ಒಂದು ದೋಷದಿಂದ ಹೋಗಿವೆ ಅಂತ 2016ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಯಾರೂ ಮುಚ್ಚಿಟ್ಟದ್ದಲ್ಲ, ಆಗ ಪರೀಕ್ಷೆಯೇ ಇರಲಿಲ್ಲ. ಈಗ ಇದೆ. ಈ ದೋಷಕ್ಕೂ ಇದೆ, ಬ್ಲಾಡ್‌, ಸಿವಿಎಂ ಅಂತ ಕರೆಯುವ ಬೇರೆ ದೋಷಗಳಿಗೂ ಇದೆ. ಪರೀಕ್ಷೆ ಇರುವಾಗಲೂ ಫಲಿತಾಂಶ ಹಾಕದೆ ಭ್ರೂಣ ಹರಾಜಿಗೆ ಇಡುವುದನ್ನು ನಿಲ್ಲಿಸುವುದು ನಿಮ್ಮ ಕೈಲಿದೆ.

ಇದೆಲ್ಲ ಮಾಡಲು ಸಾಧ್ಯವೇ ಅಂತ ಅಧಿಕಾರಿಗಳು ನಿಮ್ಮನ್ನು ಕೇಳಬಹುದು. ಆಸ್ಟ್ರೇಲಿಯಾದಲ್ಲಿ 1987ರಲ್ಲೇ, ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ, ಕಂಪ್ಯೂಟರಿನಲ್ಲಿ ಜಾನುವಾರು ಮಾರುವ ವ್ಯವಸ್ಥೆ ಶುರುವಾಯಿತು. ಈಗ ಅದರ ಹೆಸರು ಆಕ್ಷನ್ಸ್‌ಪ್ಲಸ್. ಅಲ್ಲಿ ತರಬೇತಿ ಪಡೆದ, ಮಾನ್ಯತೆ ಇರುವ ಪರೀಕ್ಷಕ ಫಾರ್ಮಿಗೆ ಹೋಗಿ ದನ ನೋಡಿ ವರದಿ ಬರೆಯುತ್ತಾನೆ, ಕೊಳ್ಳುವವರು ಆ ವರದಿ ಓದಿ ಕೂಗುತ್ತಾರೆ. ಮಾರುವವನೇ ತನ್ನ ದನಕ್ಕೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ! ಹಸುವಿಗೆ ಇಂಥ ಪರೀಕ್ಷಕರು ಬೇಕು. ಭ್ರೂಣಕ್ಕಾದರೆ, ಅದನ್ನು ಮಾಡಿದ ತಂಡದ ಮಾನ್ಯತೆ ಮತ್ತು ಸಹಿ ಇರುವ ಕಾಗದ ಪುಟದಲ್ಲೇ ಕಾಣಬೇಕು.

ಸುಳ್ಳು ಕೂಗಿನ ಬಗ್ಗೆ ಜಾಸ್ತಿ ಬರೆಯಲ್ಲ. ಮಾರುವವರ ಕಡೆಯವರೇ ಬೇರೆ ಹೆಸರಲ್ಲಿ ಕೂಗಿ ಬೆಲೆ ಏರಿಸುವುದನ್ನು ತಡೆಯಲು ಪ್ರತಿ ಖಾತೆಯ ಗುರುತು ಪರಿಶೀಲಿಸಿ, ಕೂಗುಗಳ ದಾಖಲೆ ಇಟ್ಟು, ಇಲಾಖೆ ಕೇಳಿದಾಗ ಕೊಡುವಂತೆ ಮಾಡಿದರೆ ಸಾಕು.

ಹಣದ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಕರು ಹುಟ್ಟುವವರೆಗೆ ಪೂರ್ತಿ ಹಣ ತಡೆಹಿಡಿಯಿರಿ ಅಂತ ಕೇಳುವವರಿದ್ದಾರೆ. ನಾನು ಒಪ್ಪಲ್ಲ. ಹಾಗೆ ಮಾಡಿದರೆ ದೊಡ್ಡ ಫಾರ್ಮಿನವರು ತಡೆದುಕೊಳ್ಳುತ್ತಾರೆ, ನಾಲ್ಕು ಒಳ್ಳೆ ಹಸು ಇಟ್ಟುಕೊಂಡು ಪ್ರಾಮಾಣಿಕವಾಗಿ ಭ್ರೂಣ ಮಾರುವವರು ಮುಳುಗುತ್ತಾರೆ. ಪ್ರತಿ ಮಾರಾಟದಲ್ಲೂ ಕಮಿಷನ್ ತೆಗೆದುಕೊಳ್ಳುವುದು ಹರಾಜು ಕಂಪನಿ. ಆ ಕಮಿಷನ್ನಿನ ಒಂದು ಭಾಗವನ್ನು ಪರಿಹಾರ ನಿಧಿಯಾಗಿ ಇಡಿಸಿ. ಡಿಎನ್‌ಎ ತಾಳೆಯಾಗದಿದ್ದರೆ ಕೊಂಡವರಿಗೆ ಮೊದಲು ಅದರಿಂದ ಹಣ ಸಿಗಲಿ, ಆಮೇಲೆ ಕಂಪನಿ ಮಾರಿದವರಿಂದ ವಸೂಲಿ ಮಾಡಿಕೊಳ್ಳಲಿ. "ನಾವು ಬರೀ ವೇದಿಕೆ, ಸರಕಿಗೂ ನಮಗೂ ಸಂಬಂಧವಿಲ್ಲ" ಅನ್ನುವ ಮಾತು ಆಗ ನಿಲ್ಲುತ್ತದೆ. ತಮ್ಮ ಹಣ ಹೋಗುತ್ತದೆ ಅಂದಾಗ ಕಾಗದ ಪತ್ರವನ್ನು ಅವರೇ ಸರಿಯಾಗಿ ನೋಡಲು ಶುರುಮಾಡುತ್ತಾರೆ.

ಸಚಿವರೇ, ನಿಯಮದ ಕರಡು ಮಾಡಲು ಸಮಿತಿ ಕೂರಿಸಿದರೆ ಅದರಲ್ಲಿ ಹರಾಜು ಕಂಪನಿಯವರು ಇದ್ದೇ ಇರುತ್ತಾರೆ, ತಳಿ ಸಂಘದವರೂ ಇರುತ್ತಾರೆ. ಭ್ರೂಣ ಕೊಂಡು ಕರು ಹುಟ್ಟಿಸಿಕೊಂಡವರನ್ನೂ, ಹಳ್ಳಿಯಲ್ಲಿ ಆ ಸ್ಟ್ರಾ ಕರಗಿಸಿ ಹಸುವಿನೊಳಗೆ ಇಡುವ ತಂತ್ರಜ್ಞರನ್ನೂ ಅದರಲ್ಲಿ ಕೂರಿಸಿ. ಕರಡನ್ನು ಎಲ್ಲರೂ ಓದುವ ಹಾಗೆ ಪ್ರಕಟಿಸಿ, ಆಕ್ಷೇಪಣೆಗೆ ಸಾಕಷ್ಟು ಸಮಯ ಕೊಡಿ. ದೂರಿನ ಅವಧಿ ಎಷ್ಟು ಅಂತ ಅದರಲ್ಲಿ ಏನು ಬರೆದಿದ್ದೀರಿ ಅನ್ನುವುದನ್ನೇ ನಾವು ಮೊದಲು ಹುಡುಕಿ ಓದುತ್ತೇವೆ.

ಇಂತಿ,
ದನ ಸಾಕಿ ಬದುಕುವ ಒಬ್ಬರು