ನಾಯಿ ಫೋಟೋ ಯಾಕೆ ಎಂದು ಕೇಳಿದ ಮಚ್ಚಾನಿಗೆ

ಮಚ್ಚಾ,

ಬಿಲ್ಬಾವೊದಿಂದ ನಿನಗೆ ಕಳಿಸಿದ್ದು ಒಂದೇ ಫೋಟೋ, ಅದೂ ನಾಯಿಯದು. ನೀನು ಉತ್ತರಕ್ಕೆ ಬರೀ ಪ್ರಶ್ನೆ ಚಿಹ್ನೆಗಳನ್ನು ಕಳಿಸಿದೆ. ಕಂಪನಿ ದುಡ್ಡಲ್ಲಿ ಸ್ಪೇನ್‌ಗೆ ಹೋಗಿ ನಾಯಿ ನೋಡಿಕೊಂಡು ಬಂದೆಯಾ ಅಂತ ತಾನೇ? ಅದು ಸುಮ್ನೆ ನಾಯಿ ಅಲ್ಲಪ್ಪ. 12 ಮೀಟರ್ ಎತ್ತರ ಇದೆ. ಮೈತುಂಬಾ ಹೂವಿನ ಗಿಡ, ಒಳಗೆ ಉಕ್ಕಿನ ಚೌಕಟ್ಟು. ಗುಗೆನ್‌ಹೈಮ್ ಮ್ಯೂಸಿಯಂ ಮುಂದೆ ಕೂತಿದೆ. ನಮ್ಮ ಲಾಲ್‌ಬಾಗ್ ಹೂವಿನ ಪ್ರದರ್ಶನದವರು ನೋಡಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ. ಮ್ಯೂಸಿಯಂ ಒಳಗೆ ಹೋಗಲಿಲ್ಲ. ಟಿಕೆಟ್ ದರವನ್ನು ರೂಪಾಯಿಗೆ ಲೆಕ್ಕ ಹಾಕಿದೆ, ಅಲ್ಲಿಗೆ ಕಲೆಯ ಮೇಲಿನ ಪ್ರೀತಿ ಮುಗಿಯಿತು.

ನಿನಗೆ ಹೇಳಬೇಕಾಗಿದ್ದು ಅದರ ಪಕ್ಕದ ಜಾಗದ ಬಗ್ಗೆ.

ನರಸಾಪುರದ ಫ್ಯಾಕ್ಟರಿಗೆ ಹೊಸ ಮೆಷಿನ್ ಬರುತ್ತದೆ, ಅದಕ್ಕೇ ಈ ತರಬೇತಿ. ಭಾನುವಾರ ರಜೆ ಇತ್ತು. ಕಲಿಸುತ್ತಿದ್ದವನೇ ಊರು ತೋರಿಸಲು ಕರೆದುಕೊಂಡು ಹೋದ. ನೆರ್ವಿಯೋನ್ ಹೊಳೆಯ ದಂಡೆ. ಹುಲ್ಲಿನ ಮಧ್ಯೆ ಹಳಿ ಹಾಕಿ ಟ್ರಾಮ್ ಓಡಿಸುತ್ತಾರೆ. ಸಮುದ್ರದ ಉಬ್ಬರ ಊರೊಳಗಿನ ತನಕ ಬರುತ್ತದೆ. ಬೆಳಿಗ್ಗೆ ಅರ್ಧ ಕೆಸರು ಕಾಣುತ್ತಿದ್ದ ಹೊಳೆ ಮಧ್ಯಾಹ್ನಕ್ಕೆ ತುಂಬಿಕೊಂಡಿತು. ನಾವು ಪಾಲಾರ್ ನೋಡಿ ಬೆಳೆದವರು, ನಮಗೆ ಹೊಳೆ ಅಂದರೆ ಮರಳು. ಮಳೆಯೇ ಇಲ್ಲದೆ ದಿನಕ್ಕೆ ಎರಡು ಸಲ ತುಂಬುವ ಹೊಳೆ ಕಂಡು ನನಗೆ ಸ್ವಲ್ಪ ಸಿಟ್ಟೇ ಬಂತು.

ಆ ದಂಡೆಯಲ್ಲಿ ಯೂಸ್ಕಲ್ದುನಾ ಅಂತ ಹಡಗು ಕಟ್ಟುವ ಕಾರ್ಖಾನೆ ಇತ್ತು. 1900ರಲ್ಲಿ ಹುಟ್ಟಿದ ಕಂಪನಿ. 1980ರ ದಶಕದಲ್ಲಿ ಅದನ್ನು ಮುಚ್ಚುವ ಮಾತು ಬಂದಾಗ ಕಾರ್ಮಿಕರು ಸುಮ್ಮನಿರಲಿಲ್ಲ. 1984ರಲ್ಲಿ ಪಕ್ಕದ ದೇಉಸ್ತೊ ಸೇತುವೆ ಮೇಲೆ ಪೊಲೀಸರ ಜೊತೆ ದೊಡ್ಡ ಕಾದಾಟವೇ ಆಯಿತು. ಆದರೂ ಆ ದಶಕ ಮುಗಿಯುವುದರೊಳಗೆ ಬಾಗಿಲು ಹಾಕಿದರು. ಈಗ ಅಲ್ಲಿ ಹಡಗು ಇಳಿಸುತ್ತಿದ್ದ ಗುಂಡಿಗಳು ಹಡಗಿನ ಮ್ಯೂಸಿಯಂನ ಅಂಗಳ. ಪಕ್ಕದಲ್ಲಿ 1999ರಲ್ಲಿ ತೆರೆದ ಸಂಗೀತ ಭವನ, ಹೆಸರು ಅದೇ, ಯೂಸ್ಕಲ್ದುನಾ. ತುಕ್ಕು ಹಿಡಿದ ಹಾಗೆ ಕಾಣುವ ಉಕ್ಕಿನ ಗೋಡೆ. ಕಟ್ಟುತ್ತಾ ಅರ್ಧಕ್ಕೆ ನಿಂತ ಹಡಗನ್ನು ನೆನಪಿಸಲಿ ಅಂತಲೇ ಹಾಗೆ ಮಾಡಿದ್ದಾರೆ. ಒಳಗೆ ಒಪೆರಾ ಹಾಡುತ್ತಾರೆ.

ಕಾರ್ಖಾನೆಯ ಒಂದು ಕ್ರೇನ್ ಉಳಿಸಿಕೊಂಡು ಕೆಂಪು ಬಣ್ಣ ಬಳಿದಿದ್ದಾರೆ. ಅದರ ಹೆಸರು ಕರೋಲಾ. ಕೆಲಸಕ್ಕೆ ಹೋಗಲು ದಿನಾ ದೋಣಿಯಲ್ಲಿ ಹೊಳೆ ದಾಟುತ್ತಿದ್ದ ಒಬ್ಬ ಹೆಂಗಸಿನ ಹೆಸರಂತೆ. ಅವಳು ಬಂದರೆ ಕಾರ್ಖಾನೆಯವರೆಲ್ಲ ಕೈಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದರಂತೆ. ನಿನಗೆ ಯಾರು ನೆನಪಾದರು ಅಂತ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಅವರ ಮಗ ನನ್ನ ಫ್ರೆಂಡ್ ಲಿಸ್ಟ್‌ನಲ್ಲಿ ಇದ್ದಾನೆ.

ಕ್ರೇನ್ ಕೆಳಗೆ ನಿಂತು ನಾನು ನಮ್ಮ ಚಿನ್ನದ ಗಣಿ ಊರು ಕೆಜಿಎಫ್‌ನ ಜಂಬ ಕೊಚ್ಚಿದೆ. ನಮ್ಮಲ್ಲಿ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು ಅಂದೆ. ಅವನು ಈ ಕ್ರೇನ್ 60 ಮೀಟರ್ ಎತ್ತರ ಅಂದ. ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ ಅಂದೆ. ಸುಮ್ಮನಾದ. ಮೇಲಕ್ಕೆ ಅವರದು, ಕೆಳಕ್ಕೆ ನಮ್ಮದು. ಒಂದು ನೆಮ್ಮದಿ ಏನೆಂದರೆ ಕೆಜಿಎಫ್ ಅಂದರೆ ಅಲ್ಲಿ ಯಾರೂ ನನ್ನ ಗಡ್ಡ ನೋಡುವುದಿಲ್ಲ.

ಗುಗೆನ್‌ಹೈಮ್ ಮ್ಯೂಸಿಯಂ ಬಂದಿದ್ದಕ್ಕೆ ಬಿಲ್ಬಾವೊ ಬದಲಾಯಿತು ಅಂತ ಎಲ್ಲರೂ ಹೇಳುತ್ತಾರಲ್ಲ, ಅವನು ಅದಕ್ಕೆ ನಕ್ಕ. ಮ್ಯೂಸಿಯಂ ತೆರೆದಿದ್ದು 1997ರಲ್ಲಿ. ಹೊಳೆಗೆ ಬೀಳುತ್ತಿದ್ದ ಕೊಳಚೆಯನ್ನು ಶುದ್ಧ ಮಾಡುವ ಯೋಜನೆ 1979ರದು. ಆಮೇಲೆ 1992ರಲ್ಲಿ ಸರ್ಕಾರಗಳೆಲ್ಲ ಸೇರಿ ಬಿಲ್ಬಾವೊ ರಿಯಾ 2000 ಅನ್ನುವ ಕಂಪನಿ ಮಾಡಿದವು. ಬಂದರಿನ ಜಾಗ, ರೈಲ್ವೆ ಜಾಗ ಅದರ ಕೈಗೆ ಬಂತು. ಒಂದಷ್ಟನ್ನು ಮಾರಿದರು, ಬಂದ ದುಡ್ಡಲ್ಲಿ ದಂಡೆ ಸರಿ ಮಾಡಿದರು. ನಾಯಿ, ಹೂವು ಎಲ್ಲ ಆಮೇಲೆ. ಮೊದಲು ಚರಂಡಿ. ಕೋಲಾರದವರಿಗೆ ಚರಂಡಿ ನೀರಿನ ಮಹಿಮೆ ಬೇರೆ ಹೇಳಬೇಕಾ? ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ತಾನೇ ನಮ್ಮ ಕೆರೆಗಳಲ್ಲಿ ಮೋಡದ ನೆರಳು ಬಿದ್ದಿದ್ದು.

ಸರಿ, ಆಮೇಲೆ ಹೊಳೆ ದಂಡೆಯಲ್ಲಿ ಕಾಫಿ ಕುಡಿಯುತ್ತಾ ಕೂತಾಗ ನನ್ನ ತಲೆ ಶುರು ಮಾಡಿಕೊಂಡಿತು. ಗಣಿ ಬಾಯಿಯ ಮೇಲಿನ ನಮ್ಮ ಶಾಫ್ಟ್ ಗೋಪುರಕ್ಕೂ ಕೆಂಪು ಬಣ್ಣ ಹೊಡೆದರೆ? ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬದ ಕೆಳಗೆ ಸಂಜೆ ಸಂಗೀತ ಇಟ್ಟರೆ? ಹಳೇ ಮಿಲ್‌ನಲ್ಲಿ ಚಿತ್ರಗಳ ಪ್ರದರ್ಶನ. ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಸುಣ್ಣ ಬಳಿದು, ಹಳದಿ ಬಲ್ಬು ಹಾಕಿ, ಬೆಂಗಳೂರಿನವರಿಗೆ ವಾರದ ಕೊನೆಯಲ್ಲಿ ಬಾಡಿಗೆಗೆ. ಬಾಡಿಗೆ ಎಷ್ಟು ಅಂತಲೂ ಲೆಕ್ಕ ಹಾಕಿದೆ. ಚೆನ್ನಾಗಿ ಸಿಗುತ್ತದೆ ಮಚ್ಚಾ. ಮೂಲೆ ಮನೆಗೆ ಜಾಸ್ತಿ ಇಡಬಹುದು, ಹಿಂದೆ ಬೇವಿನ ಮರ ಇದೆ ಅಂದುಕೊಂಡೆ. ಆಗ ಹೊಳೆಯಿತು, ಅದು ನಿನ್ನ ಮನೆ. ನಿನ್ನನ್ನು ಯಾವಾಗ ಖಾಲಿ ಮಾಡಿಸಿದೆ ಅಂತ ನನಗೇ ತಿಳಿಯಲಿಲ್ಲ.

ಇದನ್ನು ತಮಾಷೆಗೆ ಅವನಿಗೆ ಹೇಳಿದೆ. ಅವನು ನಗಲಿಲ್ಲ. ‘ನಮ್ಮಪ್ಪ ಈ ಕಾರ್ಖಾನೆಯಲ್ಲೇ ವೆಲ್ಡರ್ ಆಗಿದ್ದರು’ ಅಂದ. ನಾನು ಅಯ್ಯೋ ಪಾಪ ಅನ್ನುವ ಮುಖ ಮಾಡಿಕೊಂಡೆ. ನಮಗೆ ಆ ಮುಖ ಅಭ್ಯಾಸ ಅಲ್ವಾ, ಊರಿನ ಬಗ್ಗೆ ಯಾರಾದರೂ ಕೇಳಿದರೆ ಅದನ್ನೇ ಹಾಕಿಕೊಳ್ಳುತ್ತೇವೆ. ಅವನು ಬ್ರೆಡ್ಡಿಗೆ ಚುಚ್ಚಿದ್ದ ಕಡ್ಡಿ ಕಿತ್ತು ತಟ್ಟೆಯಲ್ಲಿಟ್ಟು, ‘ಮುಚ್ಚಿದ್ದು ನನಗೆ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನಾನೂ ಅಲ್ಲೇ ಇರುತ್ತಿದ್ದೆ’ ಅಂದ. ಇನ್ನೊಂದು ಬ್ರೆಡ್ ತರಿಸಿದ.

ನನಗೆ ಆಮೇಲೆ ಏನೂ ಸೇರಲಿಲ್ಲ. ಅವನು ಹೇಳಿದ್ದು ನನ್ನ ಮಾತು. ಇಷ್ಟು ವರ್ಷ ಬಾಯಿಗೆ ತರದ ಮಾತು.

2001ರ ಫೆಬ್ರವರಿ 28, ಗಣಿ ಮುಚ್ಚಿದ ದಿನ. ನಿಮ್ಮ ಲೈನ್‌ನಲ್ಲಿ ಒಲೆ ಹಚ್ಚಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ, ಕೋಲಾರಕ್ಕೆ ಹೋಗಿಬಿಡೋಣ ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದುಃಖಕ್ಕಲ್ಲ ಕಣೋ. ಖುಷಿಗೆ. ಕೋಲಾರದಲ್ಲಿ ಡಿಪ್ಲೊಮಾ ಓದಬಹುದು, ಸೈರನ್ ಇರುವುದಿಲ್ಲ, ಗಾಳಿ ಬಂದರೆ ದಿಬ್ಬದ ಧೂಳು ಅನ್ನದೊಳಗೆ ಬೀಳುವುದಿಲ್ಲ. ನಮ್ಮಪ್ಪ ಹಾಜರಿ ಬರೆಯುವ ಗುಮಾಸ್ತರು, ಒಂದು ದಿನವೂ ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್‌ನಲ್ಲಿ, ಕೆಳಗೆ ಇಳಿದವರಲ್ಲ. ಕೆಳಗೆ ಹೋಗುತ್ತಿದ್ದವರು ನಿಮ್ಮಪ್ಪ. ಅವರು ಆಗಲೇ ಕೆಮ್ಮುತ್ತಿದ್ದರು. ಮರುದಿನ ನಿನ್ನ ಪಕ್ಕ ಕೂತು ನಾನೂ ಅತ್ತೆನಲ್ಲ, ನೆನಪಿದೆಯಾ? ಅದು ನಿನ್ನನ್ನು ನೋಡಿ ಬಂದ ಅಳು. ಗಣಿಗಾಗಿ ಅಲ್ಲ. ನೀನು ಇವತ್ತಿಗೂ ಆ ಅಳುವಿನ ಬಗ್ಗೆ ಎಲ್ಲರಿಗೂ ಹೇಳುತ್ತೀಯ, ‘ಇವನಿಗೆ ಊರು ಅಂದರೆ ಪ್ರಾಣ’ ಅಂತ. ನೀನು ಹಾಗೆ ಅಂದಾಗಲೆಲ್ಲ ನಾನು ಎದ್ದು ಕೈ ತೊಳೆಯಲು ಹೋಗುತ್ತೇನೆ.

ನೀನು ಮಾರಿಕುಪ್ಪಂ ಟ್ರೈನಿನಲ್ಲಿ ದಿನಾ ಬೆಂಗಳೂರಿಗೆ ಹೋಗಿ ಬರುತ್ತೀಯ, ಹೆಚ್ಚಿನ ದಿನ ನಿಂತುಕೊಂಡೇ. ನಾನು ಕೋಲಾರದಲ್ಲಿ ಕೂತು ಮುಚ್ಚಿದ ಗಣಿಯ ಮೇಲೆ ಉದ್ದುದ್ದ ಬರೆದು ಲೈಕ್ ತೆಗೆದುಕೊಳ್ಳುತ್ತೇನೆ. ಕೋಲಾರದಿಂದ ನಿಮ್ಮ ಮನೆಗೆ 30 ಕಿಲೋಮೀಟರ್ ಇರಬಹುದು. ನಾನು ಬರುವುದು ಮದುವೆಗೆ, ಸಾವಿಗೆ. ಶಾಫ್ಟ್ ಕಡೆಗೆ ಮಾತ್ರ ಹೋಗುವುದಿಲ್ಲ. ಕರೋಲಾದ್ದು ಫೋನ್ ತುಂಬಾ ಫೋಟೋ ಇದೆ, ನಿನಗೆ ಕಳಿಸಲು ಕೈ ಬರಲಿಲ್ಲ. ಅದಕ್ಕೇ ನಾಯಿ ಕಳಿಸಿದ್ದು. ಉತ್ತರ ಸಿಕ್ಕಿತಾ?

ಸಾಕು. ಹೆಂಡತಿ ಹಿಂದಿನಿಂದ ಓದಿ, ‘ಇದೇನು ಪತ್ರವೋ, ತಹಶೀಲ್ದಾರರಿಗೆ ಅರ್ಜಿಯೋ’ ಅಂತ ಕೇಳುತ್ತಿದ್ದಾಳೆ. ನಿನಗೆ ಅಂತ ಆಲಿವ್ ಬಾಟಲಿ ತಂದಿದ್ದೆ. ಅಮ್ಮ ಅದನ್ನು ಹೊಸ ಥರದ ನೆಲ್ಲಿಕಾಯಿ ಉಪ್ಪಿನಕಾಯಿ ಅಂದುಕೊಂಡು ಮೊಸರನ್ನದ ಜೊತೆ ಮುಗಿಸಿಬಿಟ್ಟರು. ಚೆನ್ನಾಗಿತ್ತಂತೆ, ಖಾರ ಸಾಲದಂತೆ. ನಿನಗೆ ಈಗ ಉಳಿದಿರುವುದು ಹೋಟೆಲಿನ ಸೋಪು. ಟವೆಲ್ ತರಲಿಲ್ಲ, ಆ ಒಂದು ಸಲ ಆಗಿದ್ದೇ ಸಾಕು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕಿ ನಗಿಸಿಬಿಡುತ್ತೀಯ, ನಾನು ಮತ್ತೆ ಕೈ ತೊಳೆಯಲು ಹೋಗುತ್ತೇನೆ. ಇಲ್ಲಿ ನಾಲ್ಕು ಜನ ನೋಡುತ್ತಿದ್ದರೆ ನೀನು ಸ್ವಲ್ಪ ಮರ್ಯಾದೆ ಕೊಡಬಹುದು ಅಂತ ಆಸೆ. ಬೈಯಲೇಬೇಕು ಅನಿಸಿದರೆ ದಯವಿಟ್ಟು ತಮಿಳಿನಲ್ಲಿ ಬೈ. ನಮ್ಮ ಮ್ಯಾನೇಜರ್ ಧಾರವಾಡದವರು, ಅವರಿಗೆ ಅರ್ಥವಾಗುವುದಿಲ್ಲ.

ನಿನ್ನ,
ಗುಮಾಸ್ತರ ಮಗ